ಅಂಗೈಯ ಗಣಕವನ್ನು ಕೊಳ್ಳಬೇಕೆ, ಕಾಯಬೇಕೆ?

ತಾಮ್ರದ ಹಂಡೆಯನ್ನು ಕೊಳ್ಳುವವರು ಹೆಚ್ಚು ಯೋಚಿಸಬೇಕಾಗಿಲ್ಲ. ಲೋಹದ ಗಟ್ಟಿತನ, ತೂಕ, ಬೆಲೆ ಈ ಮೂರನ್ನು ನೋಡಿದರೆ ಸಾಕು. ಈ ವರ್ಷ ಕೊಂಡ ಹಂಡೆಗೂ ಹತ್ತು ವರ್ಷಗಳ ತರುವಾಯ ಕೊಳ್ಳುವ ಹಂಡೆಗೂ ನೀರು ಕಾಯಿಸುವುದರಲ್ಲಿ ಭೇದವಿರುವುದಿಲ್ಲ. ಗೋಡೆಗಡಿಯಾರ, ಹೊಲಿಗೆಯಂತ್ರ, ಬೈಸಿಕಲ್ಲು ಇವೂ ಬಹುಮಟ್ಟಿಗೆ ಹೀಗೆಯೇ. ಗಣಕದ, ಎಂದರೆ ಕಂಪ್ಯೂಟರಿನ, ವಿಷಯ ಬೇರೆ. ಈಗ ಒಂದು ಬೆಲೆಗೆ ದೊರೆಯುವ ಗಣಕಕ್ಕಿಂತ ಚುರುಕಾದುದು ಕೆಲವು ವರ್ಷಗಳಲ್ಲಿ ಅದೇ ಬೆಲೆಗೆ ದೊರೆಯುವುದು ಅರ್ಧ ಶತಮಾನದಿಂದ ಕಂಡುಬಂದಿರುವ ಸಾಮಾನ್ಯ ನಡೆ. ಹಾಗೆ ನೋಡಿದರೆ ಕಾದವನಿಗೆ ಲಾಭ. ಆದರೆ ಕಾಯುತ್ತ ಕುಳಿತವನು ಅಷ್ಟು ವರ್ಷಗಳ ಕೆಲಸವನ್ನು ಕಳೆದುಕೊಂಡಿರುತ್ತಾನೆ. ಹೀಗೆ ನೋಡಿದರೆ ಕಾದವನಿಗೇ ನಷ್ಟ. ಈ ಲಾಭನಷ್ಟಗಳನ್ನು ತೂಗಿ ನೋಡುವ ತಕ್ಕಡಿ ಯಾವುದು?

ಬಹುಕಾಲದ ನಿರೀಕ್ಷೆಯ ಅನಂತರ ಮಾರುಕಟ್ಟೆಗೆ ಬರುವ ಪುಟ್ಟ ಗಣಕದ ಮುಂದೆ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಅದಕ್ಕೆ ನಿದರ್ಶನವನ್ನು ನಾವು ದೂರದೇಶದಲ್ಲಿ ಹುಡುಕಬೇಕಾಗಿಲ್ಲ. 2004ನೆಯ ಏಪ್ರಿಲ್ ತಿಂಗಳಲ್ಲಿ ‘ಅಮಿದ ಸಿಂಪ್ಯೂಟರ್’ ಎಂಬ ಅಂಗೈಯ ಗಣಕವು ಬೆಂಗಳೂರಿನಿಂದ ಮಾರಾಟಕ್ಕೆ ಬಂತು. ಅದರ ಕಲ್ಪನೆ ಮೊಳೆತದ್ದು 1998ರಲ್ಲಿ. ಮಾದರಿಯನ್ನು ಜನರಿಗೆ ತೋರಿಸಿದ್ದು 2001ರಲ್ಲಿ. ಅದರ ಹೆಸರನ್ನು ಕೇಳಿದವರು ವರ್ಷಗಟ್ಟಲೆ ಅದಕ್ಕಾಗಿ ಕಾದಿದ್ದರು. ಬಂದಾಗ ಕೊಂಡವರು ಬಹಳ ಕಡಮೆ. ಯಂತ್ರವು ಕೆಟ್ಟದ್ದಾಗಿತ್ತೆ? ಇಲ್ಲವೆಂದೇ ಹೇಳಬೇಕು. ಹಾಗಾದರೆ ಜನರೇಕೆ ಕೊಳ್ಳಲಿಲ್ಲ? ಅವರು ಮಾಡಿದ್ದು ಸರಿಯೆ? ಇದನ್ನು ವಿಚಾರಿಸಿದರೆ ನಮ್ಮ ತಕ್ಕಡಿ ನಮಗೆ ದೊರೆಯುವ ಸಂಭವವಿದೆ.

ಕಿರಿದಾಗಿಸುವ ಕಷ್ಟ

ಕೈಯಲ್ಲಿ ಹಿಡಿಯುವ ಗಣಕದ ಕನಸು ಹಳೆಯದು. 1972ರಲ್ಲಿ ಅಮೆರಿಕದ ಅಲನ್ ಕೇ ಎಂಬ ವಿಜ್ಞಾನಿ, ಪುಸ್ತಕದ ಗಾತ್ರದ ‘ಡೈನಾಬುಕ್’ ಎಂಬ ಗಣಕವನ್ನು ಕಲ್ಪಿಸಿಕೊಂಡು, ಅದನ್ನು ಮಕ್ಕಳ ಕೈಗೆ ಕೊಡುವುದನ್ನು ಕುರಿತು ಪ್ರಬಂಧವೊಂದನ್ನು ಬರೆದರು. ಅಂದಿನ ಸಾಮಗ್ರಿಗಳಿಂದ ಅದನ್ನು ನಿರ್ಮಿಸುವುದು ಸಾಧ್ಯವಿರಲಿಲ್ಲ. 1981ರಲ್ಲಿ, ಹೊತ್ತು ಸಾಗಿಸಬಹುದಾದ ಗಣಕವೆಂದು ಆಸ್‌ಬಾರ್ನ್-1 ಮಾರಾಟಕ್ಕೆ ಬಂತು. ಅದರ ತೂಕ ಸುಮಾರು 11 ಕಿಲೋಗ್ರಾಂ. ತೆರೆ ಮಾತ್ರ ಐದು ಅಂಗುಲ. ಹೊತ್ತವನ ತೋಳಿಗೂ ನೋಡಿದವನ ಕಣ್ಣಿಗೂ ಅದು ಶ್ರಮವೇ. 1983ರ ಟಿಆರ್‌ಎಸ್-80 ಮಾಡೆಲ್ 100 ಎಂಬುದು ತೊಡೆಯ ಮೇಲೆ ಕುಳಿತು, ನಾಲ್ಕು ಸಾಧಾರಣ ಬ್ಯಾಟರಿ ಸೆಲ್ಲುಗಳಿಂದ ನಡೆಯಿತು. ಎಂಟು ಸಾಲುಗಳನ್ನಷ್ಟೇ ತೋರಿಸುತ್ತಿದ್ದರೂ ಊರೂರು ಸುತ್ತುವ ಪತ್ರಕರ್ತರು ಅದನ್ನು ಮೆಚ್ಚಿದರು. 1996ರಲ್ಲಿ ಬಂದ ಪಾಮ್ ಪೈಲಟ್ ಅಂಗಿಯ ಜೇಬಿನಲ್ಲಿ ಹಿಡಿಸಿತು.

ಕನಸಿನಿಂದ ಜೇಬಿಗೆ ಬರಲು ಕಾಲು ಶತಮಾನ ಹಿಡಿಯಿತೇಕೆ? ಗಣಕವನ್ನು ಕಿರಿದಾಗಿಸುವಾಗ ಅದರ ಎಲ್ಲ ಅಂಗಗಳೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಎಣಿಕೆ ಮಾಡುವ ಸಿಲಿಕಾನ್ ಬಿಲ್ಲೆ ಎಷ್ಟು ಬೇಕಾದರೂ ಕುಗ್ಗೀತು. 1985ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ ಮೊದಲ ಆರ್ಮ್ ಬಿಲ್ಲೆಯಲ್ಲಿ ಸುಮಾರು 25,000 ಟ್ರಾನ್ಸಿಸ್ಟರುಗಳಿದ್ದುವು; ಅದೇ ವಂಶದ ಇಂದಿನ ಫೋನಿನ ಬಿಲ್ಲೆಗಳಲ್ಲಿ ಸಾವಿರ ಕೋಟಿಗೂ ಮಿಕ್ಕಿ ಇರುವುದುಂಟು. ಬ್ಯಾಟರಿಯ ಗತಿ ಹೀಗಿಲ್ಲ. ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂದಂದಿನಿಂದ ಈವರೆಗೆ, ಒಂದು ಕಿಲೋಗ್ರಾಂ ತೂಕದಲ್ಲಿ ಅದು ಹಿಡಿದಿಡುವ ಶಕ್ತಿ ಸುಮಾರು ಮೂರು ಪಟ್ಟಾಗಿದೆ, ಅಷ್ಟೆ. ಇನ್ನು ಮನುಷ್ಯನ ಬೆರಳಿನ ದಪ್ಪವೂ ಕಣ್ಣಿನ ಚುರುಕೂ ಸಾವಿರ ವರ್ಷಗಳ ಹಿಂದೆ ಹೇಗಿದ್ದುವೋ ಈಗಲೂ ಹಾಗೆಯೇ ಇವೆ. ಗುಂಡಿಯು ಬೆರಳಿಗಿಂತ ಕಿರಿದಾಗಲಾರದು. ಅಕ್ಷರವು ಕಣ್ಣಿಗೆ ಕಾಣದಷ್ಟು ಸಣ್ಣದಾಗಲಾರದು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದು ನಮಗೆ ಉಪಯೋಗಕ್ಕೆ ಬರುತ್ತದೆ.

ಸಿಂಪ್ಯೂಟರಿನ ಹುಟ್ಟು

1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ, ಅಭಿವೃದ್ಧಿ ಹೊಂದುತ್ತಿರುವ ದೇಶಗಳಿಗೆ ಮಾಹಿತಿ ತಂತ್ರಜ್ಞಾನವು ಹೇಗೆ ನೆರವಾಗಬಲ್ಲುದೆಂಬುದನ್ನು ಕುರಿತು ಅಂತರರಾಷ್ಟ್ರೀಯ ವಿಚಾರಗೋಷ್ಠಿಯೊಂದು ನಡೆಯಿತು. ಹಳ್ಳಿಯ ಜನ, ಓದು ಬಾರದವರು ಸಹ, ಬಳಸಬಹುದಾದ ಅಗ್ಗದ ಗಣಕವೊಂದು ಬೇಕೆಂಬ ವಿಚಾರ ಆ ಸಂದರ್ಭದಲ್ಲಿ ರೂಪುಗೊಂಡಿತು. ಭಾರತೀಯ ವಿಜ್ಞಾನ ಮಂದಿರದ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಇವರೂ, ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೂ ಕೂಡಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯನ್ನು ಕಟ್ಟಿದರು. 2001ರ ಏಪ್ರಿಲಿನಲ್ಲಿ ಮಾದರಿಯನ್ನು ಪ್ರಕಟಪಡಿಸಿದರು. ಬೆಲೆ ಸುಮಾರು 9,000 ರೂಪಾಯಿಗಳನ್ನು ಮೀರಬಾರದೆಂಬುದು ಅವರ ಗುರಿಯಾಗಿತ್ತು.

ಆ ಪುಟ್ಟ ಪೆಟ್ಟಿಗೆಯೊಳಗೆ ಏನಿತ್ತು? ಸೆಕೆಂಡಿಗೆ 20 ಕೋಟಿ 60 ಲಕ್ಷ ಮಿಡಿತಗಳ ವೇಗದ ಸ್ಟ್ರಾಂಗ್‌ಆರ್ಮ್ ಎಂಬ ಬಿಲ್ಲೆ ಇತ್ತು. ಆ ಕಾಲದ ಮೇಜಿನ ಗಣಕಗಳ ಬಿಲ್ಲೆಗಳು ಐವತ್ತು ವ್ಯಾಟಿಗೂ ಹೆಚ್ಚಿನ ವಿದ್ಯುತ್ತನ್ನು ನುಂಗುತ್ತಿದ್ದರೆ ಇದಕ್ಕೆ ಅರ್ಧ ವ್ಯಾಟಿಗೂ ಕಡಮೆ ಸಾಕಾಗುತ್ತಿತ್ತು. ಆದುದರಿಂದಲೇ ಮೊದಲ ವಿನ್ಯಾಸವು ಮೂರು ಸಣ್ಣ ಸೆಲ್ಲುಗಳಿಂದ ನಡೆಯುವಂತೆ ಇತ್ತು. ಗಣಕವನ್ನು ನಡೆಸುವ ಮೂಲ ತಂತ್ರಾಂಶ ಲಿನಕ್ಸ್. ಅದು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದದ್ದು. ಕೀಲಿಮಣೆಯ ಬದಲು ಕಡ್ಡಿಯಿಂದ ಮುಟ್ಟಿ ಆಜ್ಞೆ ಕೊಡುವ ತೆರೆ. ತೆರೆಯಲ್ಲಿ ಅಡ್ಡಕ್ಕೆ 240, ಉದ್ದಕ್ಕೆ 320, ಒಟ್ಟು 76,800 ಚುಕ್ಕಿಗಳು. ಒತ್ತಕ್ಷರವೂ ಸೇರಿ ಕನ್ನಡದ ಒಂದು ಸಾಲಿಗೆ 24 ಚುಕ್ಕಿಗಳ ಎತ್ತರ ಬೇಕೆಂದಿಟ್ಟುಕೊಂಡರೆ, ಅಲ್ಲಿ 13 ಸಾಲುಗಳನ್ನು ಓದಬಹುದಾಗಿತ್ತು.

ಇವೆಲ್ಲಕ್ಕಿಂತ ಮುಖ್ಯವಾದ ವಿಶೇಷಗಳು ಎರಡು. ಒಂದು, ಸ್ಮಾರ್ಟ್ ಕಾರ್ಡ್. ಹಳ್ಳಿಯೊಂದಕ್ಕೆ ಒಂದೇ ಸಿಂಪ್ಯೂಟರ್ ಇರಲಿ. ಪ್ರತಿಯೊಬ್ಬನಲ್ಲಿಯೂ ಅವನದೇ ಆದ ಅಗ್ಗದ ಕಾರ್ಡೊಂದು ಇರಲಿ. ಕಾರ್ಡನ್ನು ತೂರಿಸಿದೊಡನೆ ಆ ಗಣಕವು ಅಷ್ಟು ಹೊತ್ತು ಅವನದಾಗಲಿ ಎಂಬುದು ಯೋಜನೆ. ಬಾವಿ ಊರಿಗೆಲ್ಲ ಒಂದೇ ಆದರೂ ಕೊಡ ಮನೆಮನೆಯದಾಗಿರುವಂತೆ. ಇನ್ನೊಂದು, ಅದು ಮಾತನಾಡುತ್ತಿತ್ತು. ಬರೆವಣಿಗೆಯನ್ನು ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶವನ್ನು ಇದಕ್ಕಾಗಿ ಸಿದ್ಧಪಡಿಸಲಾಗಿತ್ತು. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳಿರುವುದರಿಂದ ಪ್ರತಿ ಪದಕ್ಕೂ ನಿಘಂಟನ್ನು ನೋಡಬೇಕಾಗುತ್ತದೆ. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಕೆಲಸ ಹಗುರ. ಸ್ವರವ್ಯಂಜನಗಳ ಸಂಯೋಗದ ಧ್ವನಿತುಣುಕುಗಳನ್ನು ಮೊದಲೇ ಮುದ್ರಿಸಿಕೊಂಡು, ಅಕ್ಷರಗಳ ಕ್ರಮದಲ್ಲಿ ಅವನ್ನು ಪೋಣಿಸಿ ನುಡಿಸಿದರೆ ಮಾತು ಹೊರಡುತ್ತದೆ. ದನಿ ಯಂತ್ರದ್ದೇ ಆಗಿ ಕೇಳಿಸಿದರೂ ಅರ್ಥ ತಿಳಿಯುತ್ತದೆ. ಓದು ಬಾರದ ರೈತನಿಗೆ ಇದರಿಂದ ಆಗಬಹುದಾದ ಪ್ರಯೋಜನವನ್ನು ವಿವರಿಸಬೇಕಾಗಿಲ್ಲ.

ಹೀಗಿದ್ದುದರಿಂದ ಜಗತ್ತಿನ ಪತ್ರಿಕೆಗಳು ಇದನ್ನು ಕೊಂಡಾಡಿದುವು. ವಸ್ತು ಅಂಗಡಿಗೆ ಬರುವುದಕ್ಕೆ ಮೂರು ವರ್ಷ ಮೊದಲೇ ಕೀರ್ತಿ ಬಂದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಎಂದು ಆಡಿಕೊಳ್ಳುವವರಿಗೂ ಎಡೆಯಾಯಿತು.

ಬೆಲೆಯ ಒಗಟು

2004ರಲ್ಲಿ ಬಂದ ಅಮಿದ ಸಿಂಪ್ಯೂಟರನ್ನು ವಿಜ್ಞಾನಿಗಳ ಪಿಕೋಪೆಟಾ ಎಂಬ ಕಂಪನಿ ರೂಪಿಸಿತ್ತು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸಿತ್ತು. ಕಪ್ಪುಬಿಳುಪು ತೆರೆಯ ಕನಿಷ್ಠ ಮಾದರಿಗೆ ಸುಮಾರು 10,000 ರೂಪಾಯಿ. ಬಣ್ಣದ ತೆರೆಯದಕ್ಕೆ ಅದರ ಸುಮಾರು ಎರಡರಷ್ಟು. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಆ ಚಲನೆಯನ್ನು ಗುರುತಿಸುವ ವೇಗೋತ್ಕರ್ಷಮಾಪಕವೂ ಅದರಲ್ಲಿತ್ತು. ಇಂದು ಎಲ್ಲ ಫೋನುಗಳಲ್ಲಿ ಕಾಣುವ ಈ ಅನುಕೂಲವನ್ನು, ಐಫೋನ್ 2007ರಲ್ಲಿ ಹೊರಬರುವುದಕ್ಕೆ ಮೂರು ವರ್ಷ ಮೊದಲೇ ಬೆಂಗಳೂರಿನ ಯಂತ್ರವು ಒದಗಿಸಿತ್ತೆಂಬುದು ಗಮನಾರ್ಹ.

ಅಗ್ಗದ ಗಣಕವೆಂದು ಹೊರಟದ್ದು ಅಷ್ಟೇನೂ ಅಗ್ಗವಾಗಿ ಬರಲಿಲ್ಲವೇಕೆ? ಇಲ್ಲಿಯೇ ಒಗಟಿರುವುದು. ಗಣಕದ ಬೆಲೆಯಲ್ಲಿ ಎರಡು ಪಾಲುಗಳಿವೆ. ಬಿಲ್ಲೆ, ತೆರೆ, ಬ್ಯಾಟರಿಗಳ ವೆಚ್ಚವು ಪ್ರತಿ ಗಣಕಕ್ಕೂ ತಗಲುವಂಥದು. ವಿನ್ಯಾಸ, ಹೊದಿಕೆಯ ಅಚ್ಚು, ಪರೀಕ್ಷೆ, ತಂತ್ರಾಂಶ ಇವುಗಳ ವೆಚ್ಚವು ಒಂದು ಮಾಡಿದರೂ ಲಕ್ಷ ಮಾಡಿದರೂ ಒಂದೇ. ಲೆಕ್ಕಕ್ಕಾಗಿ ಈ ಎರಡನೆಯ ಪಾಲು ಐದು ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. ಹತ್ತು ಸಾವಿರ ಗಣಕಗಳು ಮಾರಾಟವಾದರೆ ಒಂದೊಂದರ ಮೇಲೆ 5,000 ರೂಪಾಯಿ ಕೂಡುತ್ತದೆ. ಹತ್ತು ಲಕ್ಷ ಮಾರಾಟವಾದರೆ ಕೂಡುವುದು 50 ರೂಪಾಯಿ ಮಾತ್ರ. ಹೆಚ್ಚು ಜನ ಕೊಂಡರೆ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಹೆಚ್ಚು ಜನ ಕೊಳ್ಳುತ್ತಾರೆ. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ನ್ಯಾಯದಂತೆ, ಮೊದಲು ಕೊಳ್ಳುವವನು ಯಾರು ಎಂಬುದೇ ಇಲ್ಲಿಯ ತೊಡಕು. ಒಬ್ಬೊಬ್ಬನೂ ‘ಬೆಲೆ ಇಳಿಯಲಿ, ಅನಂತರ ಕೊಂಡೇನು’ ಎಂದು ಕಾದರೆ ಬೆಲೆ ಇಳಿಯುವುದೇ ಇಲ್ಲ. ಸಿಂಪ್ಯೂಟರಿಗೆ ಆದದ್ದು ಇದೇ. ಮಾರಾಟವಾದುವು ಕೆಲವೇ ಸಾವಿರ.

ಅಂದು ಕೊಳ್ಳಬಹುದಾಗಿದ್ದವರು

2004ರಲ್ಲಿ ಹತ್ತು ಸಾವಿರ ರೂಪಾಯಿ ಹಿಡಿದು ಈ ಯಂತ್ರದ ಮುಂದೆ ನಿಂತಿರಬಹುದಾದ ಮೂವರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವನು ಪಟ್ಟಣದ ನೌಕರ. ಕಚೇರಿಯಲ್ಲಿ ಅವನಿಗೆ ಗಣಕವಿದೆ. ವಿಳಾಸ, ಲೆಕ್ಕ, ದಿನಚರಿಗಳನ್ನು ಜೇಬಿನಲ್ಲಿಟ್ಟುಕೊಳ್ಳಲು ಸಿಂಪ್ಯೂಟರ್ ಅನುಕೂಲವಾದರೂ ಅದೇ ಕೆಲಸಕ್ಕೆ ಬೇರೆ ಯಂತ್ರಗಳೂ ಇದ್ದುವು. ಐವತ್ತು ರೂಪಾಯಿಯ ಡೈರಿಯೂ ಇತ್ತು. ಮನೆಗೊಂದು ಗಣಕ ಬೇಕೆಂದರೆ, ಮರುವರ್ಷವೇ ಹತ್ತು ಸಾವಿರದೊಳಗಿನ ಮೇಜಿನ ಗಣಕವು ಮಾರುಕಟ್ಟೆಗೆ ಬಂತು. ಅವನು ಕೊಳ್ಳದಿದ್ದುದು ತಪ್ಪೆನ್ನಲಾಗದು.

ಎರಡನೆಯವರು ಹಳ್ಳಿಯ ಸಹಕಾರ ಸಂಘದವರು. ಯಂತ್ರವನ್ನು ಉದ್ದೇಶಿಸಿದ್ದು ಇವರಿಗಾಗಿಯೇ. ಆದರೆ ಮಾರುಕಟ್ಟೆಯ ಧಾರಣೆಯನ್ನು ಓದಿ ಹೇಳಬೇಕಾದರೆ ಅಂದಂದಿನ ಧಾರಣೆಯನ್ನು ಯಾರೋ ಕನ್ನಡದಲ್ಲಿ ಬರೆದು ಕಳುಹಿಸುತ್ತಿರಬೇಕು; ಅದನ್ನು ತರುವ ಟೆಲಿಫೋನ್ ತಂತಿ ಕೆಡದೆ ಇರಬೇಕು; ಯಂತ್ರ ಕೆಟ್ಟರೆ ರಿಪೇರಿ ಮಾಡುವವನು ತಾಲ್ಲೂಕಿನಲ್ಲಾದರೂ ಇರಬೇಕು. ಹತ್ತು ಸಾವಿರ ರೂಪಾಯಿಯು ಯಂತ್ರದ ಬೆಲೆ ಮಾತ್ರ. ಅದರ ಸುತ್ತಣ ಏರ್ಪಾಟಿನ ಬೆಲೆಯನ್ನು ಸಂಘವೊಂದು ತೆರುವುದು ಸಾಧ್ಯವಿರಲಿಲ್ಲ. ಬಾವಿ ತೋಡಿದ್ದಾಯಿತು, ಆದರೆ ನೀರಿನ ಸೆಲೆಯನ್ನು ಬೇರೊಬ್ಬರು ತರಬೇಕಾಗಿತ್ತು.

ಮೂರನೆಯದು ಸರಕಾರ. ಸುತ್ತಣ ಏರ್ಪಾಟನ್ನು ಮಾಡಬಲ್ಲ, ಒಮ್ಮೆಗೇ ಸಾವಿರಗಟ್ಟಲೆ ಕೊಂಡು ಬೆಲೆಯನ್ನು ಇಳಿಸಬಲ್ಲ ಗಿರಾಕಿ ಅದೊಂದೇ. ಕರ್ನಾಟಕದಲ್ಲಿ ಭೂದಾಖಲೆಗಳ ಕೆಲಸಕ್ಕೆ ಸಿಂಪ್ಯೂಟರನ್ನು ಪ್ರಯೋಗಾರ್ಥವಾಗಿ ಬಳಸಲಾಯಿತು. ಹೊಲದ ಬದಿಯಲ್ಲಿಯೇ ವಿವರವನ್ನು ತುಂಬಿಕೊಳ್ಳುವ ಇಂಥ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿತ್ತು. ಆದರೆ ಪ್ರಯೋಗಗಳು ಪ್ರಯೋಗಗಳಾಗಿಯೇ ಉಳಿದುವು. ಬೆಲೆಯನ್ನು ಇಳಿಸುವಷ್ಟು ದೊಡ್ಡ ಖರೀದಿ ಎಲ್ಲಿಂದಲೂ ಬರಲಿಲ್ಲ. ಮೂವರಲ್ಲಿ ಕೊಳ್ಳಬೇಕಾಗಿದ್ದವರು ಯಾರಾದರೂ ಇದ್ದರೆ ಇವರೇ ಎಂದು ನಮಗೆ ತೋರುತ್ತದೆ.

ನಡುವೆ ಬಂದ ಅತಿಥಿ

ಕಾಯುವಿಕೆಯ ಈ ಆರು ವರ್ಷಗಳಲ್ಲಿ ಮತ್ತೊಂದು ಘಟನೆ ನಡೆಯಿತು. ಭಾರತದಲ್ಲಿ ಮೊಬೈಲ್ ಫೋನು 1995ರಲ್ಲಿ ಪ್ರಾರಂಭವಾದಾಗ ಮಾತಿಗೆ ನಿಮಿಷಕ್ಕೆ ಸುಮಾರು 16 ರೂಪಾಯಿಯವರೆಗೂ ತೆರಬೇಕಾಗಿತ್ತು. 2003ರಲ್ಲಿ ಬರುವ ಕರೆಗಳಿಗೆ ಹಣ ತೆರುವುದು ನಿಂತಿತು. ಅದೇ ವರ್ಷ 501 ರೂಪಾಯಿ ಮುಂಗಡಕ್ಕೆ ಫೋನನ್ನು ಕೈಗೆ ಕೊಡುವ ಯೋಜನೆಯೂ ಬಂತು. ನೋಕಿಯಾ 1100 ಎಂಬ ಸರಳ ಫೋನು, ಧೂಳಿಗೆ ಜಗ್ಗದ ಕೀಲಿಮಣೆ ಮತ್ತು ಪುಟ್ಟ ಟಾರ್ಚಿನೊಡನೆ ಹೊರಟದ್ದೂ ಆಗಲೇ. ಲೋಕದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು.

ಸಾಮರ್ಥ್ಯದಲ್ಲಿ ಈ ಫೋನಿಗೂ ಸಿಂಪ್ಯೂಟರಿಗೂ ಹೋಲಿಕೆಯೇ ಇಲ್ಲ. ಅದು ಕನ್ನಡವನ್ನು ಓದಿ ಹೇಳಲಾರದು, ಲೆಕ್ಕಪತ್ರವನ್ನು ಇಡಲಾರದು. ಆದರೆ ಅಕ್ಷರಜ್ಞಾನವಿಲ್ಲದವರ ಕಷ್ಟವನ್ನು ಸಿಂಪ್ಯೂಟರ್ ಯಾವ ಕೃತಕ ಧ್ವನಿಯಿಂದ ಪರಿಹರಿಸಲು ಹೊರಟಿತ್ತೋ, ಅದನ್ನು ಫೋನು ಇದ್ದ ಮನುಷ್ಯಧ್ವನಿಯನ್ನೇ ಸಾಗಿಸಿ ಪರಿಹರಿಸಿಬಿಟ್ಟಿತು. ಟೊಮೇಟೊ ಧಾರಣೆ ಬೇಕಾದವನು ಕೋಲಾರದ ಮಂಡಿಗೆ ಫೋನು ಮಾಡಿ ಕೇಳಿದರಾಯಿತು. ಧಾರಣೆಯನ್ನು ಬರೆದಿಡುವವರು ಬೇಡ, ಪಾಠ ಹೇಳಿಕೊಡುವವರು ಬೇಡ. ಕೊಂಡ ದಿನದಿಂದಲೇ ಕೆಲಸ ನಡೆಯುತ್ತದೆ.

ನಾವು ಹುಡುಕುತ್ತಿದ್ದ ತಕ್ಕಡಿ ಇಲ್ಲಿದೆ. ಯಂತ್ರವು ಏನೇನು ಮಾಡಬಲ್ಲುದು ಎಂದು ಕೇಳುವ ಬದಲು, ಈಗ ಅದರ ಸುತ್ತ ಇರುವ ಏರ್ಪಾಟಿನಲ್ಲಿ, ನಾಳೆ ಬೆಳಗ್ಗೆ ನಮ್ಮ ಯಾವ ಕೆಲಸವನ್ನು ಅದು ವಹಿಸಿಕೊಳ್ಳುತ್ತದೆ ಎಂದು ಕೇಳಬೇಕು.

ಇಂದು ಕೊಳ್ಳುವವರಿಗೆ

ಜೇಬಿನಲ್ಲಿ ಹಿಡಿಸುವ, ಪೂರ್ಣ ಗಣಕದ ಕೆಲಸವನ್ನೆಲ್ಲ ಮಾಡುವ ಯಂತ್ರಗಳು ಈಗಲೂ ಆಗಾಗ ಪ್ರಕಟವಾಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಮುಂಗಡ ಹಣ ಕೊಟ್ಟು ಕಾಯಬೇಕು. ‘ಪಂಡೋರ’ ಎಂಬ ಅಂಗೈಯ ಗಣಕಕ್ಕೆ 2008ರಲ್ಲಿ ಮುಂಗಡ ಪಡೆಯಲಾಯಿತು. ಮೊದಲ ಯಂತ್ರಗಳು ಗಿರಾಕಿಗಳ ಕೈ ಸೇರಿದ್ದು 2010ರಲ್ಲಿ. ಗಣಕಲೋಕದಲ್ಲಿ ಎರಡು ವರ್ಷ ಅಲ್ಪಕಾಲವಲ್ಲ. ಬಹಳ ದಿನ ಕಾದ ವಸ್ತುವಿಗೆ ನಮ್ಮ ಮನಸ್ಸು ತಾನಾಗಿಯೇ ಬೆಲೆ ಕಟ್ಟುತ್ತದೆ. ‘ಇಷ್ಟು ಕಾದಮೇಲೆ ಕೊಳ್ಳದಿರುವುದೆ?’ ಎನ್ನುತ್ತದೆ. ಕಾದ ದಿನಗಳು ಹೇಗೂ ಕಳೆದುಹೋದುವು. ಕೊಂಡರೂ ಅವು ಹಿಂತಿರುಗುವುದಿಲ್ಲ. ತಕ್ಕಡಿಯಲ್ಲಿ ಅವನ್ನು ಇಡಬಾರದು.

ಮಾರುವವರಿಗೂ ನಿರೀಕ್ಷೆಯು ಎರಡಲಗಿನ ಕತ್ತಿ. ಹಿಂದೆ ಹೇಳಿದ ಆಸ್‌ಬಾರ್ನ್ ಕಂಪನಿಯು 1983ರಲ್ಲಿ ತನ್ನ ಮುಂದಿನ ಗಣಕಗಳ ಸುದ್ದಿಯನ್ನು ಮುಂಚಿತವಾಗಿ ಬಿಟ್ಟುಕೊಟ್ಟಿತು. ಜನ ಹೊಸದಕ್ಕಾಗಿ ಕಾದರು. ಇದ್ದದ್ದರ ಮಾರಾಟ ಕುಸಿಯಿತು. ಅದೇ ವರ್ಷ ಕಂಪನಿ ದಿವಾಳಿಯಾಯಿತು. ಬೇರೆ ಕಾರಣಗಳೂ ಇದ್ದುವಾದರೂ ಇಂಥ ಪರಿಣಾಮಕ್ಕೆ ಆ ಕಂಪನಿಯ ಹೆಸರೇ ನಿಂತಿತು.

ಇನ್ನು ‘ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯದು ಬರುತ್ತದೆ’ ಎಂಬ ಮಾತು. ಮೊದಲು ಹೇಳಿದ ಭೇದವನ್ನು ಇಲ್ಲಿ ನೆನೆಯಬೇಕು. ಯಂತ್ರವು ನಿಧಾನವಾಗಿದೆ, ಸಂಗ್ರಹಸ್ಥಳ ಸಾಲದು ಎಂಬವು ಸಿಲಿಕಾನಿನ ಕೊರತೆಗಳು. ಅವು ಬಹುಮಟ್ಟಿಗೆ ತಾವಾಗಿ ತೀರುತ್ತವೆ, ಕಾಯುವುದರಲ್ಲಿ ಅರ್ಥವಿದೆ. ಬ್ಯಾಟರಿ ಅರ್ಧ ದಿನಕ್ಕೇ ಮುಗಿಯುತ್ತದೆ ಎಂಬ ಕೊರತೆ ತಡವಾಗಿ, ಅಲ್ಪಸ್ವಲ್ಪವಾಗಿ ತೀರುತ್ತದೆ. ಗುಂಡಿಗಳು ಬೆರಳಿಗೆ ಸಾಲವು, ಅಕ್ಷರ ಕಣ್ಣಿಗೆ ಚಿಕ್ಕದು ಎಂಬ ಕೊರತೆಗಳು ಆ ಗಾತ್ರದಲ್ಲಿ ಎಂದಿಗೂ ತೀರುವುದಿಲ್ಲ. ಅಂಗಡಿಯಲ್ಲಿ ಐದು ನಿಮಿಷ ಹಿಡಿದು ನೋಡಿದಾಗ ಮೋಹಕವಾಗಿ ಕಾಣುವ ಕಿರಿಗಾತ್ರವು, ಒಂದು ಪುಟ ಬರೆಯುವಷ್ಟರಲ್ಲಿ ಭಾರವಾಗಬಹುದು. ಸಾಧ್ಯವಾದರೆ ಯಾರಿಂದಲಾದರೂ ಎರವಲು ಪಡೆದು, ಕನ್ನಡದಲ್ಲಿಯೇ ಒಂದು ದೀರ್ಘಪತ್ರವನ್ನು ಅದರಲ್ಲಿ ಬರೆದು ನೋಡುವುದೊಳಿತು. ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೆ, ಕೈ ಎಷ್ಟು ಹೊತ್ತಿಗೆ ದಣಿಯಿತು, ಬ್ಯಾಟರಿ ಎಷ್ಟು ಉಳಿಯಿತು ಎಂಬುದು ಜಾಹೀರಾತಿನಿಂದ ತಿಳಿಯದು. ರಿಪೇರಿ ಎಲ್ಲಿ, ಬ್ಯಾಟರಿ ಬದಲಿಸಬಹುದೆ, ಕಂಪನಿ ಮುಚ್ಚಿದರೆ ಗತಿಯೇನು ಎಂಬುದನ್ನೂ ವಿಚಾರಿಸಬೇಕು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಯಂತ್ರವನ್ನು, ನಿತ್ಯದ ಕೆಲಸವೊಂದು ಕಾದಿದ್ದರೆ, ಇನ್ನೂ ಒಳ್ಳೆಯದು ಬಂದೀತೆಂದು ಮುಂದೂಡುವುದು ಜಾಣತನವಾಗದು.

ಸಿಂಪ್ಯೂಟರ್ ಸೋತಿತೆಂದು ಹೇಳುವುದು ವಾಡಿಕೆ. ಅದು ಆರಿಸಿಕೊಂಡ ಆರ್ಮ್ ವಂಶದ ಬಿಲ್ಲೆ, ಲಿನಕ್ಸ್ ತಿರುಳು, ಮುಟ್ಟುವ ತೆರೆ, ಓರೆಯನ್ನು ಅರಿಯುವ ಮಾಪಕ, ಕನ್ನಡವನ್ನು ಓದಿ ಹೇಳುವ ಧ್ವನಿ ಇವೆಲ್ಲವೂ ಇಂದು ಆಂಡ್ರಾಯ್ಡ್ ಫೋನುಗಳಲ್ಲಿ ನಮ್ಮ ಜೇಬಿನಲ್ಲಿವೆ. ಅಷ್ಟರಮಟ್ಟಿಗೆ ಆ ವಿಜ್ಞಾನಿಗಳ ಊಹೆ ಸರಿಯಾಗಿತ್ತು. ಆದರೆ ಹಳ್ಳಿಯ ಅನಕ್ಷರಸ್ಥನನ್ನು ಮೊದಲ ಗಿರಾಕಿಯೆಂದು ಭಾವಿಸಿ ಗಣಕವನ್ನು ಕಟ್ಟಬೇಕೆಂಬ ಅವರ ಸಂಕಲ್ಪ ಆ ಫೋನುಗಳೊಡನೆ ಬರಲಿಲ್ಲ. ಅವು ಮೊದಲು ಇಂಗ್ಲಿಷ್ ಬಲ್ಲವರಿಗಾಗಿ ಬಂದು, ಕನ್ನಡವನ್ನು ಕಾಲಕ್ರಮದಲ್ಲಿ ಸೇರಿಸಿಕೊಂಡುವು. ಒಬ್ಬೊಬ್ಬ ಗಿರಾಕಿಯೂ ತನ್ನ ಮಟ್ಟಿಗೆ ವಿವೇಕದಿಂದಲೇ ನಡೆದುಕೊಂಡ. ಎಲ್ಲರ ವಿವೇಕವೂ ಕೂಡಿ, ಕನ್ನಡನಾಡಿನಲ್ಲಿ ಹುಟ್ಟಿದ ಯಂತ್ರವೊಂದು ಬೆಳೆಯದೆ ಹೋಯಿತು. ಮನೆಯ ಹಣದಿಂದ ಕೊಳ್ಳುವಾಗ ನಾಳೆ ಬೆಳಗಿನ ಕೆಲಸವನ್ನು ನೋಡಿ ಕೊಳ್ಳಬೇಕು. ಶಾಲೆ, ಪಂಚಾಯಿತಿ, ಇಲಾಖೆಗಳ ಸಾರ್ವಜನಿಕ ಹಣದಿಂದ ಕೊಳ್ಳುವವರು ಮಾತ್ರ, ಯಂತ್ರದ ಜೊತೆಗೆ ಅದರ ಸುತ್ತಣ ಏರ್ಪಾಟನ್ನೂ ಕಟ್ಟುವ ಹೊಣೆ ತಮ್ಮದೆಂದು ಅರಿತು, ಹತ್ತು ವರ್ಷಗಳ ಮುಂದನ್ನು ನೋಡಿ ಕೊಳ್ಳಬೇಕು. ಈ ಎರಡು ಬಗೆಯ ಕೊಳ್ಳುವಿಕೆಗೆ ಒಂದೇ ಅಳತೆಗೋಲನ್ನು ಹಿಡಿಯುವುದು ಸರಿಯಲ್ಲ.